ಸೀತೂರಿಗೆ ಇನ್ನೂರ ಹನ್ನೊಂದು ತಿರುವು

ವನಮಾಲಾ ಬಸ್ಸು ಹತ್ತುವುದೇ ಬೇಡ, ಬಸ್ಸಿನ ಹಾರನ್ನು ಕೇಳಿದರೂ ಸಾಕು, ಬಾಯಲ್ಲಿ ಉಪ್ಪುನೀರು ಬರುತ್ತಿತ್ತು. ಮದುವೆಯಾಗಿ ನೆಮ್ಮಾರಿಗೆ ಬಂದ ಹೊಸದರಲ್ಲಿ ಊರಿನ ಹೆಂಗಸರು ಇದನ್ನು ನಂಬಲಿಲ್ಲ; ಹೊಸ ಸೊಸೆಯ ಒನಪು ಎಂದುಕೊಂಡರು. ಶೃಂಗೇರಿಯಿಂದ ಬರುವ ಬಸ್ಸಿನಲ್ಲಿ ಪಕ್ಕ ಕೂತಿದ್ದವರ ಹೊಸ ಸೀರೆಗೆ ಆಗಬಾರದ್ದು ಆದ ದಿನದಿಂದ ನಂಬಿದರು. ನಂಬಿದ ಮೇಲೆ ಒಬ್ಬೊಬ್ಬರೂ ಒಂದೊಂದು ಮದ್ದು ಹೇಳಿದರು. ಶುಂಠಿ ಜಗಿದದ್ದಾಯಿತು, ನಿಂಬೆಹಣ್ಣು ಮೂಸಿದ್ದಾಯಿತು, ಸೀಟಿನ ಮೇಲೆ ಪೇಪರು ಹಾಸಿ ಕೂತದ್ದಾಯಿತು. ಮಾತ್ರೆ ನುಂಗಿದರೆ ನಿದ್ದೆ ಬರುತ್ತಿತ್ತು, ನಿದ್ದೆಯಲ್ಲೇ ವಾಂತಿಯೂ ಬರುತ್ತಿತ್ತು. ಮಲೆನಾಡಿನ ರಸ್ತೆಗೆ ನೆಟ್ಟಗಿರುವ ಅಭ್ಯಾಸವಿಲ್ಲ, ವನಮಾಲಾಳ ಹೊಟ್ಟೆಗೆ ಡೊಂಕು ಆಗುವುದಿಲ್ಲ. ಇಬ್ಬರಲ್ಲಿ ಯಾರೂ ಬಿಟ್ಟುಕೊಡಲಿಲ್ಲ.

ಗಂಡ ತ್ರ್ಯಂಬಕ ಭಟ್ಟರು ಪುರೋಹಿತರು. ಅವರ ಸ್ಕೂಟರಿನ ಹಿಂದೆ ಕೂತರೆ ಮಾತ್ರ ಮುಖಕ್ಕೆ ಗಾಳಿ ಬಡಿದು ಅವಳಿಗೆ ಏನೂ ಆಗುತ್ತಿರಲಿಲ್ಲ. ಹಾಗಾಗಿ ಅವಳ ಪ್ರಪಂಚ ಸ್ಕೂಟರು ಮುಟ್ಟುವಷ್ಟು ದೊಡ್ಡದಿತ್ತು, ಅಂದರೆ ಶೃಂಗೇರಿಯ ತನಕ. ಮಗಳು ಪವಿತ್ರಾಳ ಮದುವೆಯನ್ನು ಶೃಂಗೇರಿಯಲ್ಲಿ ಮಾಡಿದ್ದಕ್ಕೆ ಅಮ್ಮನವರ ಸನ್ನಿಧಿ ಎಂದು ಊರಿಗೆ ಕಾರಣ ಹೇಳಿದ್ದರು. ನಿಜವಾದ ಕಾರಣ ಸ್ಕೂಟರು. ಆಮೇಲೆ ಅವಳ ಸೊಂಟದ ಬಿಲ್ಲೆ ಸರಿಯಿತು. ಡಾಕ್ಟರು ಸ್ಕೂಟರಿಗೂ ಕಲ್ಲು ಹಾಕಿದರು.

ಇದರಲ್ಲೆಲ್ಲ ಅವಳಿಗೆ ನೋವಿದ್ದದ್ದು ಒಂದೇ. ನರಸಿಂಹರಾಜಪುರದ ಕಡೆ ಸೀತೂರಿನಲ್ಲಿ ಅವಳ ಅಕ್ಕ ಸುಬ್ಬಮ್ಮ ಇದ್ದಳು. ಹನ್ನೆರಡು ವರ್ಷಕ್ಕೆ ದೊಡ್ಡವಳು. ತಾಯಿ ತೀರಿಕೊಂಡಾಗ ವನಮಾಲಾಗೆ ಆರು ವರ್ಷ. ತಲೆ ಬಾಚಿ, ಉಣಿಸಿ, ಬೈದು ಬೆಳೆಸಿದವಳು ಅಕ್ಕನೇ. ಮದುವೆಯ ಮರುದಿನ ದಿಬ್ಬಣದ ಜೀಪಿನಲ್ಲಿ ಜೊತೆಗೆ ಬಂದವಳೂ ಅವಳೇ. ದಾರಿಯಲ್ಲಿ ನಾಲ್ಕು ಕಡೆ ಜೀಪು ನಿಂತಿತು. ನಾಲ್ಕೂ ಕಡೆ ಸುಬ್ಬಮ್ಮ ತಾಮ್ರದ ಚೊಂಬು, ನಿಂಬೆಹಣ್ಣು ಹಿಡಿದು ಮೊದಲು ಇಳಿದು, ತಂಗಿಯ ಹಣೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದು, "ಆಯ್ತು, ಆಯ್ತು ಕೂಸೇ, ಹೋಗ್ಲಿ ಎಲ್ಲ," ಎಂದಳು. ಅಂದಿನಿಂದ ತಂಗಿ ತವರಿಗೆ ಹೋಗುವ ಬದಲು ಅಕ್ಕನೇ ವರ್ಷಕ್ಕೊಮ್ಮೆ ಮೂರು ಬಸ್ಸು ಬದಲಾಯಿಸಿ, ಉಪ್ಪಿನಕಾಯಿ ಭರಣಿ ಹೊತ್ತು, ನೆಮ್ಮಾರಿಗೆ ಬರುವ ಪದ್ಧತಿಯಾಯಿತು. ತವರೇ ನಡೆದು ಬರುವುದು ಎಂದು ಊರವರು ನಗುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಸುಬ್ಬಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಅಲ್ಲಿಗೆ ಬರುವುದು ನಿಂತಿತು. ಆಮೇಲೆ ಕಣ್ಣು. ಕಣ್ಣಿನೊಳಗೆ ಒತ್ತಡ ಏರುವ ಕಾಯಿಲೆ, ಸುತ್ತಲಿನದು ಕಪ್ಪಾಗುತ್ತ ನಡುವಿನದಷ್ಟೇ ಉಳಿಯುತ್ತದಂತೆ. ಈ ಯುಗಾದಿಗೆ ಫೋನು ಮಾಡಿದಾಗ ಸುಬ್ಬಮ್ಮನ ಸೊಸೆ ಭಾರ್ಗವಿ ಮೆಲ್ಲಗೆ ಹೇಳಿದಳು: "ಚಿಕ್ಕಮ್ಮಾ, ಉಳಿದಿರೋ ದೃಷ್ಟೀನೂ ಒಂದು ವರ್ಷ ತಡೆಯೋದು ಕಷ್ಟ ಅಂದ್ರು ಡಾಕ್ಟ್ರು." ಅಷ್ಟರಲ್ಲಿ ಅಕ್ಕ ಫೋನು ಕಿತ್ತುಕೊಂಡಳು.

"ಅವಳ ಮಾತಿಗೆ ನೀನು ಅಳೂದೆಂತಕ್ಕೆ? ನಾನು ನೋಡೋದೆಲ್ಲ ನೋಡಿ ಆಗಿದೆ ಮಾರಾಯ್ತಿ. ನಿನ್ನ ಮುಖ ಒಂದು ಸರ್ತಿ ನೋಡಿದ್ರೆ ಸಾಕಿತ್ತು," ಎಂದು ನಕ್ಕಳು.

ವನಮಾಲಾಗೆ ಆ ನಗು ಹೊಟ್ಟೆಯಲ್ಲಿ ಕೂತುಬಿಟ್ಟಿತು. ಅರವತ್ತು ಚಿಲ್ಲರೆ ಕಿಲೋಮೀಟರು. ಜನ ಕಾಶಿಗೆ ಹೋಗಿ ಬರುತ್ತಾರೆ, ತನಗೆ ಸೀತೂರು ಸಿಗುವುದಿಲ್ಲ.

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಅಂಗಳದಲ್ಲಿ ಏನೋ ಗುರುಗುಟ್ಟಿತು. ಹೊರಗೆ ಬಂದರೆ ಕೆಂಪು ಕಾರು. ಚಿಕ್ಕದು, ನೆಲಕ್ಕೆ ತಗ್ಗಾಗಿ ಕೂತದ್ದು, ಕಪ್ಪು ತಲೆ, ಬಾನೆಟ್ಟಿನ ಮೇಲೆ ಎರಡು ಕಪ್ಪು ಪಟ್ಟೆ, ಹಿಂದೆ ಜೋಡಿ ಸೈಲೆನ್ಸರು. ಅದರೊಳಗಿಂದ ಪಂಚೆ, ಶಾಲು, ವಿಭೂತಿಯ ಸಮೇತ ಅರವತ್ತು ವರ್ಷದ ತ್ರ್ಯಂಬಕ ಭಟ್ಟರು ಬಾಗಿಲ ಕಂಬಿ ಹಿಡಿದು ಪ್ರಯಾಸಪಟ್ಟು ಎದ್ದರು.

"ಎಂತ ಮಾರಾಯ್ರೇ ಇದು?"

"ಕಾರು."

"ಕಾರು ಅಂತ ನನಗೂ ಕಾಣ್ತದೆ. ಯಾರದ್ದು?"

"ನಮ್ದೇ. ಕೊಪ್ಪದ ಶಿವಕಿರಣನ ಹತ್ರ ತಗೊಂಡೆ. ಅವನಿಗೆ ಎರಡನೇ ಮಗು ಆಯ್ತು, ಹಿಂದಿನ ಸೀಟು ಸಾಲೋದಿಲ್ಲಂತೆ."

ಶಿವಕಿರಣ ಎಂದರೆ ಭಟ್ಟರು ವರ್ಷವರ್ಷ ಗಣಹೋಮ ಮಾಡಿಸುವ ಮನೆಯ ಹುಡುಗ, ಕಾರೆಂದರೆ ಪ್ರಾಣ. ವನಮಾಲಾ ಆ ದಿನ ಮಾತಾಡಲಿಲ್ಲ. ಮರುದಿನ ಮಾತಾಡಿದಳು, ಅದು ಮಾತಾಡದಿರುವುದಕ್ಕಿಂತ ಕಷ್ಟವಾಗಿತ್ತು. ಅರವತ್ತಕ್ಕೆ ಅರಳು ಮರಳು ಎಂದಳು. ಒಳ್ಳೆಯ ಸ್ಕೂಟರು ಇರುವಾಗ ಇರಲಾರದೆ ಇರುವೆ ಬಿಟ್ಟುಕೊಂಡಿರಿ ಎಂದಳು. ಊರಿನಲ್ಲಂತೂ ಹಬ್ಬ. ಶ್ರಾದ್ಧಕ್ಕೆ ರೇಸಿನ ಕಾರಿನಲ್ಲಿ ಬರುವ ಪುರೋಹಿತರನ್ನು ಯಾರು ಕಂಡಿದ್ದರು? ರಸ್ತೆ ಬದಿಯ ಮನೆಯ ಶಾಂತವೀರಪ್ಪ, "ಭಟ್ರೇ, ಪಿತೃಗಳು ಬರೋದ್ರೊಳಗೆ ನೀವೇ ಬಂದುಬಿಟ್ರಲ್ಲ," ಎಂದ. ಭಟ್ಟರು ಗಂಟೆಗೆ ಮೂವತ್ತರ ಮೇಲೆ ಓಡಿಸುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಹತ್ತು ದಿನ ಬೈಸಿಕೊಂಡ ಮೇಲೆ ಒಂದು ಬೆಳಿಗ್ಗೆ ಭಟ್ಟರು ಸಂಕೋಚದಿಂದ ಕೇಳಿದರು: "ಸೀತೂರಿಗೆ ಹೋಗಿ ಬರೋಣ್ವ?"

"ಹೇಗೆ?"

"ಇದರಲ್ಲಿ. ಬೇರೆ ಕಾರು ತಿರುವಿನಲ್ಲಿ ತೊಟ್ಟಿಲ ಹಾಗೆ ವಾಲ್ತದೆ, ಅದಕ್ಕೇ ಹೊಟ್ಟೆ ತೊಳೆಸೋದು. ಇದರ ಸ್ಪ್ರಿಂಗು ಬಿಗಿ, ವಾಲೋದೇ ಇಲ್ಲ ಅಂದ ಶಿವಕಿರಣ. ನಾನು ಮೂರು ಸಲ ಕೂತು ನೋಡಿ ತಗೊಂಡೆ."

ವನಮಾಲಾ ತಟ್ಟೆ ಒರೆಸುತ್ತಿದ್ದವಳು ನಿಲ್ಲಿಸಿದಳು. ಹತ್ತು ದಿನ ತಾನು ಬೈದದ್ದೆಲ್ಲ ಒಂದೊಂದಾಗಿ ನೆನಪಾಗಿ ನಾಚಿಕೆಯಾಯಿತು. ಈ ಮನುಷ್ಯ ಬಾಯಿಬಿಟ್ಟು ಹೇಳಬಾರದಿತ್ತೇ ಎಂದು ಸಿಟ್ಟೂ ಬಂತು, ಕಣ್ಣಲ್ಲಿ ನೀರೂ ಬಂತು. ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳಿಗೆ ಅವರ ಮೇಲೆ ಅಷ್ಟು ಪ್ರೀತಿ ಬಂದದ್ದು ಕಡಿಮೆ.

ಅಕ್ಕನಿಗೆ ಫೋನು ಹೋಯಿತು. ಮರುದಿನ ಏಳಕ್ಕೆ ಹೊರಟರು. ರಾತ್ರಿ ತಂಗುವ ಪ್ರಯಾಣವಾದ್ದರಿಂದ ನಿತ್ಯಪೂಜೆ ತಪ್ಪಬಾರದೆಂದು ಸಾಲಿಗ್ರಾಮದ ಸಂಪುಟವೂ ಹೊರಟಿತು. ವೈದಿಕರ ವಾಹನದಲ್ಲಿ ಮುಂದಿನ ಸೀಟು ದೇವರದ್ದು. ಮಡಿ ಕೆಡಬಾರದಲ್ಲ. ಭಟ್ಟರು ಸಂಪುಟವನ್ನು ಮುಂದೆ ಕೂರಿಸಿ, ಸೀಟು ಬೆಲ್ಟು ಬಿಗಿದು, ಹೆಂಡತಿಯನ್ನು ಹಿಂದೆ ಕೂರಿಸಿದರು. ಅದು ತಪ್ಪು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಕಾರು ವಾಲಲಿಲ್ಲ, ಶಿವಕಿರಣನ ಮಾತು ಸುಳ್ಳಲ್ಲ. ಆದರೆ ಹಿಂದಿನ ಸೀಟು ಗೂಡಿನ ಹಾಗೆ, ಕಿಟಕಿ ಅಂಗೈಯಗಲ, ಮುಂದಿನ ಸೀಟಿನ ಬೆನ್ನು ಗೋಡೆ. ರಸ್ತೆಯ ಒಂದೊಂದು ಕಲ್ಲೂ ನೇರ ಹೊಟ್ಟೆಗೆ ಬಂದು ಹೆಸರು ಹೇಳುತ್ತಿತ್ತು. ಶೃಂಗೇರಿ ದಾಟುವಾಗ ಒಮ್ಮೆ, ಆಮೇಲೆ ಎರಡು ಸಲ, ಹರಿಹರಪುರ ಇನ್ನೂ ದೂರವಿರುವಾಗ ನಾಲ್ಕನೆಯ ಸಲ. ಮುಂದೆ ದೇವರು ಬೆಲ್ಟು ಕಟ್ಟಿಕೊಂಡು ಆರಾಮಾಗಿದ್ದ.

"ತಿರುಗಿಸಿ," ಎಂದಳು ವನಮಾಲಾ, ರಸ್ತೆ ಬದಿಯ ಮೈಲಿಗಲ್ಲಿನ ಮೇಲೆ ಕೂತು. "ನನ್ನಿಂದಾಗೋದಿಲ್ಲ."

ಸಂಜೆ ಭಾರ್ಗವಿ ಫೋನಿನಲ್ಲಿ ಹೇಳಿದಳು, ಅತ್ತೆ ಬೆಳಿಗ್ಗೆ ಎಂಟರಿಂದ ಊಟದ ಹೊತ್ತಿನ ತನಕ ಚೊಂಬು ನಿಂಬೆಹಣ್ಣು ಹಿಡಿದುಕೊಂಡು ಗೇಟಿನ ಹತ್ತಿರ ನಿಂತಿದ್ದರು ಎಂದು. ಕುರ್ಚಿ ಕೊಟ್ಟರೂ ಕೂರಲಿಲ್ಲವಂತೆ. ವನಮಾಲಾ ಆ ರಾತ್ರಿ ಊಟ ಮಾಡಲಿಲ್ಲ.

ಆಮೇಲೆ ಮಳೆ ಹಿಡಿಯಿತು. ಕಾರು ಕೊಟ್ಟಿಗೆಯಲ್ಲಿ ನಿಂತಿತು, ಭಟ್ಟರು ಮಂಕಾದರು. ಸೆಪ್ಟೆಂಬರಿನಲ್ಲಿ ಬಿಸಿಲು ಕಂಡ ದಿನ, ಬ್ರೇಕಿನ ದೀಪ ಹತ್ತುತ್ತದೆಯೋ ನೋಡಲು ಹೆಂಡತಿಯನ್ನು ಕರೆದರು. ಅವಳು ಡ್ರೈವರಿನ ಸೀಟಿನಲ್ಲಿ ಕೂತು ಬ್ರೇಕು ಒತ್ತಬೇಕು, ಅವರು ಹಿಂದೆ ನಿಂತು ನೋಡಬೇಕು. ಕೂತಳು. ಸೀಟು ಸೊಂಟವನ್ನು ಎರಡೂ ಕಡೆಯಿಂದ ಹಿಡಿದುಕೊಂಡಿತು. ಎದುರಿಗೆ ಅಗಲವಾದ ಗಾಜು, ಅದರಾಚೆ ಅಂಗಳ, ಅದರಾಚೆ ರಸ್ತೆ. ಮೂವತ್ತೈದು ವರ್ಷದಲ್ಲಿ ಹತ್ತಿದ ಬಸ್ಸುಗಳೆಲ್ಲ ಕಣ್ಣ ಮುಂದೆ ಹಾದುಹೋದವು. ವಾಂತಿ ಮಾಡಿದ ಹೆಂಗಸರನ್ನು ಕಂಡಿದ್ದಳು, ಗಂಡಸರನ್ನು ಕಂಡಿದ್ದಳು, ಒಮ್ಮೆ ಕಂಡಕ್ಟರನನ್ನೂ ಕಂಡಿದ್ದಳು.

"ಮಾರಾಯ್ರೇ," ಎಂದು ಕೂಗಿದಳು, "ಬಸ್ಸಿನ ಡ್ರೈವರು ವಾಂತಿ ಮಾಡಿದ್ದು ಎಲ್ಲಾದ್ರೂ ಕಂಡಿದ್ದೀರಾ?"

ಭಟ್ಟರು ಹಿಂದಿನಿಂದ ಬಂದು ಕಿಟಕಿಯಲ್ಲಿ ಬಗ್ಗಿದರು. ತುಂಬ ಹೊತ್ತು ಯೋಚಿಸಿದರು. ಅವರು ಯಾವ ಪ್ರಶ್ನೆಗೂ ಹಾಗೆಯೇ. "ಇಲ್ಲ," ಎಂದರು.

"ಹಾಗಾದ್ರೆ ನನಗೆ ಕಲ್ಸಿ."

ಐವತ್ತೇಳನೆಯ ವಯಸ್ಸಿನಲ್ಲಿ ವನಮಾಲಾ ಶೃಂಗೇರಿಯ ಕಂಪ್ಯೂಟರಂಗಡಿಯಲ್ಲಿ ಪರೀಕ್ಷೆ ಬರೆದು ಕಲಿಯುವವರ ಲೈಸೆನ್ಸು ಪಡೆದಳು. ಕಪ್ಪು ಪಟ್ಟೆಗಳ ನಡುವೆ ಕೆಂಪು 'ಎಲ್' ಚೀಟಿ ಅಂಟಿತು. ಕಾರಿನ ಎಕ್ಸಲೇಟರು ಮುಟ್ಟಿದರೆ ಮುನಿಯಂಥದ್ದು, ಕಾಲ್ಬೆರಳು ತಾಗಿದರೆ ಎಗರುತ್ತಿತ್ತು. ಮೊದಲ ದಿನ ಎಗರಿ ಶಾಂತವೀರಪ್ಪನ ಬೇಲಿಯಲ್ಲಿ ಮೂತಿ ತೂರಿಸಿ ನಿಂತಿತು. ಶಾಂತವೀರಪ್ಪ ಹೊರಗೆ ಬಂದು ನೋಡಿ, "ಆಗ್ಲಿ ಬಿಡಿ ಅಮ್ಮ, ಹೇಗೂ ಈ ಬೇಲಿ ಹೊಸದಾಗಿ ಕಟ್ಟಬೇಕಿತ್ತು," ಎಂದ. ಅಂದಿನಿಂದ ಬೇಲಿ ಎನ್ನುವುದೇ ಮೊದಲ ತಿರುವಿನ ಹೆಸರಾಯಿತು.

ಭಟ್ಟರಿಗೆ ಕಲಿಸಲು ಗೊತ್ತಿದ್ದದ್ದು ಒಂದೇ ರೀತಿ, ವೇದ ಕಲಿಸುವ ರೀತಿ. ಅದರಲ್ಲಿ ಕ್ರಮಪಾಠ ಎಂದಿದೆ. ಮೊದಲ ಪದವನ್ನು ಎರಡನೆಯದರ ಜೊತೆ ಹೇಳಬೇಕು, ಆಮೇಲೆ ಎರಡನೆಯದನ್ನು ಮೂರನೆಯದರ ಜೊತೆ, ಮೂರನೆಯದನ್ನು ನಾಲ್ಕನೆಯದರ ಜೊತೆ. ಯಾವ ಪದವೂ ಒಂಟಿಯಾಗಿ ಬರುವುದಿಲ್ಲ. ಹಿಂದಿನದರ ಕೈ ಹಿಡಿದೇ ಮುಂದಿನದು ಬರುತ್ತದೆ.

"ರಸ್ತೆಯನ್ನೂ ಕ್ರಮದಲ್ಲಿ ಕಲಿಯೋಣ," ಎಂದು ಶುರು ಮಾಡಿದರು. "ಅಂದರೆ ಹೇಗೆ ಗೊತ್ತಾ—"

"ನನಗೆ ಗೊತ್ತು ಹೋಗಿ. ಜಗಲಿಯಲ್ಲಿ ನಿಮ್ಮ ಶಿಷ್ಯರು ಬಾಯಿಪಾಠ ಮಾಡುವಾಗ ಒಳಗೆ ಕಾಯಿ ತುರೀತಾ ಇದ್ದವಳು ಯಾರು?"

ಭಟ್ಟರು ಅವಳನ್ನು ಹೊಸದಾಗಿ ಕಂಡವರ ಹಾಗೆ ನೋಡಿದರು.

ಬೇಲಿಯಿಂದ ಮೋರಿ. ಮೋರಿಯಿಂದ ಹಲಸಿನ ಮರ. ಹಲಸಿನ ಮರದಿಂದ ಡೈರಿ. ದಿನಕ್ಕೆ ನಾಲ್ಕೈದು ತಿರುವು, ಹಿಂದಿನ ದಿನದ್ದನ್ನು ಒಪ್ಪಿಸಿಯೇ ಮುಂದಿನದು. ವನಮಾಲಾ ಒಗ್ಗರಣೆ ಹಾಕುವಾಗಲೂ ಬಾಯಲ್ಲಿ ಅದೇ, ತಿರುವಿನ ಹೆಸರು, ಅದಕ್ಕೆ ಎಷ್ಟನೆಯ ಗೇರು: ಬೇಲಿಗೆ ಎರಡು, ಮೋರಿಗೆ ಮೂರು, ಮೋರಿಗೆ ಮೂರು, ಹಲಸಿಗೆ ಎರಡು. ಹೊಟ್ಟೆ ಒಂದು ದಿನವೂ ಮಿಸುಕಲಿಲ್ಲ. ತಿರುವು ತನ್ನ ಕೈಯಿಂದಲೇ ಹುಟ್ಟುವಾಗ ಅದಕ್ಕೆ ಗಾಬರಿ ಬೀಳಲು ಕಾರಣವೇ ಇರಲಿಲ್ಲ. ಇನ್ನೊಂದು ಸಂಗತಿಯನ್ನು ಅವಳು ಯಾರಿಗೂ ಹೇಳಲಿಲ್ಲ. ಅವಳಿಗೆ ಕಾರು ಇಷ್ಟವಾಗಿಬಿಟ್ಟಿತ್ತು. ಏರಿನಲ್ಲಿ ಗೇರು ಇಳಿಸಿದರೆ ಅದು ಗುರ್ರೆಂದು ನೆಲ ಕಚ್ಚಿ ಹತ್ತುತ್ತಿತ್ತು, ಸ್ಟೇರಿಂಗು ಒಂದು ಗೇಣು ತಿರುಗಿಸಿದರೆ ಒಂದು ಗೇಣೇ ತಿರುಗುತ್ತಿತ್ತು. ಅವಳ ಬದುಕಿನಲ್ಲಿ ಇಷ್ಟು ಬೇಗ ಅವಳ ಮಾತು ಕೇಳಿದ್ದು ಇನ್ನೊಂದಿರಲಿಲ್ಲ. ಭಟ್ಟರ ಮೂವತ್ತು ಅವಳ ಕೈಯಲ್ಲಿ ಯಾವಾಗಲೋ ನಲವತ್ತೈದಾಗಿತ್ತು.

ಕೊಪ್ಪದ ತನಕ ಹಾಗೆ ಓಡಿಸಿ ಕಲಿತಳು. ಅದರಾಚೆಗೆ ಹೋಗಲು ಒಪ್ಪಲಿಲ್ಲ. ಅಲ್ಲಿಂದಾಚೆಗಿನದು ಅಕ್ಕನ ಊರಿನದೇ ದಾರಿ; ಅದರಲ್ಲಿ ಅರ್ಧ ಹೋಗಿ ತಿರುಗುವುದು ಇನ್ನೊಮ್ಮೆ ಆಗದ ಮಾತು. ಆಗ ಭಟ್ಟರು ಒಬ್ಬರೇ ಸೀತೂರಿಗೆ ದಾರಿ ತೋರುವ ಕೈಮರದ ತನಕ ಹೋಗಿ ಬಂದರು. ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಒಂದೊಂದೇ ತಿರುವು ಹೇಳಿದರು, ಅವಳು ಕೇಳಿ ಕಲಿತಳು. ಒಟ್ಟು ಇನ್ನೂರ ಹತ್ತು ಎಂದು ಲೆಕ್ಕ ಕೊಟ್ಟರು.

ಕಾರ್ತಿಕದ ಒಂದು ಬೆಳಿಗ್ಗೆ ಹೊರಟರು. ಈ ಸಲ ಅಕ್ಕನಿಗೆ ಹೇಳಿರಲಿಲ್ಲ. ಮತ್ತೆ ಗೇಟಿನಲ್ಲಿ ನಿಂತು ಕಾಯುವುದು, ಮತ್ತೆ ಇಲ್ಲವೆನ್ನುವುದು ವನಮಾಲಾಗೆ ಬೇಡವಾಗಿತ್ತು. ಎಡಗಡೆಯ ಸೀಟಿನಲ್ಲಿ ಭಟ್ಟರು, ಅವರ ತೊಡೆಯ ಮೇಲೆ ಸಂಪುಟ. ಹೆಂಡತಿ ರಸ್ತೆ ನೋಡಿಕೊಳ್ಳುತ್ತಾಳೆ, ತಾನು ದೇವರನ್ನು ನೋಡಿಕೊಂಡರಾಯಿತು ಎಂದು ಕಣ್ಣು ಮುಚ್ಚಿ ಜಪಕ್ಕೆ ಕೂತರು. ಶೃಂಗೇರಿಯ ಪೇಟೆಯಲ್ಲಿ ಯಾತ್ರಿಕರ ಟೆಂಪೋಗಳು ಹಾರನ್ನು ಹೊಡೆದವು. ವನಮಾಲಾಳ ಬಾಯಲ್ಲಿ ಉಪ್ಪುನೀರು ಬರಲಿಲ್ಲ. ಅವಳೂ ಒಂದು ಹೊಡೆದಳು. ಹಿಂದಿನ ಸಲ ಕೂತಿದ್ದ ಮೈಲಿಗಲ್ಲು ಬಂತು, ಮೂರನೆಯ ಗೇರಿನಲ್ಲಿ ಹಿಂದೆ ಹೋಯಿತು. ಕಲಿಯುವಾಗ ದಾಟಿದ್ದು ಬೇರೆ, ಸೀತೂರಿಗೆಂದೇ ಹೊರಟು ದಾಟುವುದು ಬೇರೆ.

ಹರಿಹರಪುರ ದಾಟಿದ ಮೇಲೆ ಭಟ್ಟರ ಜಪ ನಿಂತಿತು. ಮುಖ ಬೂದುಗುಂಬಳದ ಬಣ್ಣಕ್ಕೆ ತಿರುಗಿತ್ತು.

"ಒಂದು ಚೂರು... ನಿಲ್ಸು."

ನಿಲ್ಲಿಸಿದಳು. ಅವರಿಗೆ ಇಳಿಯಲೇಬೇಕು, ಆದರೆ ಸಂಪುಟ ನೆಲಕ್ಕಿಡುವಂತಿಲ್ಲ. ಅವಳು ಕೈ ಚಾಚಿದಳು.

"ಮಡಿ..." ಎಂದರು ಭಟ್ಟರು.

"ಮಡಿ ಆಮೇಲೆ. ಕೊಡಿ ಇಲ್ಲಿ."

ಕೊಟ್ಟರು. ಒಂದು ಕೈಯಲ್ಲಿ ದೇವರನ್ನು ಎದೆಗವಚಿಕೊಂಡು, ಇನ್ನೊಂದರಲ್ಲಿ ಗಂಡನ ಹಣೆಯನ್ನು ಒತ್ತಿ ಹಿಡಿದಳು. ಪಾಪ ಎನಿಸಿತು. ಸ್ವಲ್ಪ ನಗುವೂ ಬಂತು.

"ಕಣ್ಣು ಬಿಟ್ಕೊಂಡು ರಸ್ತೆ ನೋಡಿ ಮಾರಾಯ್ರೇ. ದೇವರು ಎಲ್ಲೂ ಓಡಿಹೋಗೋದಿಲ್ಲ."

ಕೊಪ್ಪದಲ್ಲಿ ನಿಲ್ಲಿಸಿ ಫೋನು ಮಾಡಿದಳು. "ಅಕ್ಕಾ, ಕೊಪ್ಪದಲ್ಲಿದ್ದೀನಿ. ಬರ್ತಾ ಇದ್ದೀನಿ."  ಆ ಕಡೆ ಅಕ್ಕ, "ಭಾರ್ಗವೀ, ಚೊಂಬು ತಾ," ಎಂದು ಕೂಗುವುದು ಕೇಳಿತು.

ಮುಂದಿನ ದಾರಿಯನ್ನು ಅವಳು ಕಣ್ಣಿನಿಂದ ಎಂದೂ ಹೀಗೆ ಕಂಡಿರಲಿಲ್ಲ. ಕಿವಿಯಲ್ಲಿದ್ದದ್ದು ಈಗ ಒಂದೊಂದೇ ಎದುರು ಬಂತು. ಸೇತುವೆಗೆ ಮೂರು, ಶಾಲೆಗೆ ಎರಡು. ಶಾಲೆಗೆ ಎರಡು, ಸಾಮಿಲ್ಲಿಗೆ ಮೂರು. ಸಾಮಿಲ್ಲಿಗೆ ಮೂರು, ಅರಳಿಕಟ್ಟೆಗೆ ನಾಲ್ಕು. ಮರ ಕೊಯ್ಯುವ ಆ ಸಾಮಿಲ್ಲು ದಾಟಿ ನಾಲ್ಕನೆಯ ಗೇರು ಹಾಕಿದಳು, ಅರಳಿಕಟ್ಟೆಯ ಬದಲು ರಸ್ತೆ ಸರಕ್ಕನೆ ಬಲಕ್ಕೆ ಮುರಿಯಿತು. ಬ್ರೇಕು ಒತ್ತಿದಳು, ಎರಡಕ್ಕೆ ಇಳಿಸಿದಳು, ಕೈ ತಿರುಗಿತು. ಕಾರು ನೆಲ ಕಚ್ಚಿ ಹಿಡಿದು, ಒಂದು ಗೇಣೂ ಆಚೆ ಹೋಗದೆ ತಿರುಗಿಕೊಂಡಿತು. 

"ಒಂದು ಬಿಟ್ಟಿದ್ದೀರಿ!" ಎಂದಳು.

ಸಂಪುಟ ಅಪ್ಪಿಕೊಂಡಿದ್ದ ಭಟ್ಟರು ಹಿಂದೆ ತಿರುಗಿ ನೋಡಿದರು. ನಲವತ್ತು ವರ್ಷದಲ್ಲಿ ಅವರ ಪಾಠದಲ್ಲಿ ಯಾವ ಶಿಷ್ಯನೂ ತಪ್ಪು ಹಿಡಿದಿರಲಿಲ್ಲ. "ಹೌದಲ್ಲೇ. ಇನ್ನೂರ ಹನ್ನೊಂದು," ಎಂದರು. ಹೊಟ್ಟೆ ತೊಳೆಸುತ್ತಿದ್ದರೂ ಮುಖದಲ್ಲಿ ಹೆಮ್ಮೆ ಕಂಡಿತು.

ಸೀತೂರಿನ ಮನೆಯ ಗೇಟಿನಲ್ಲಿ ಸುಬ್ಬಮ್ಮ ನಿಂತಿದ್ದಳು. ಕಂಕುಳಲ್ಲಿ ಊರುಗೋಲು, ಒಂದು ಕೈಯಲ್ಲಿ ತಾಮ್ರದ ಚೊಂಬು, ಇನ್ನೊಂದರಲ್ಲಿ ನಿಂಬೆಹಣ್ಣು. ಬರುವ ಕೆಂಪು ಅವಳಿಗೆ ಕಂಡಿರಬೇಕು. ಕಾರು ನಿಲ್ಲುವುದೇ ತಡ, ಗೋಲು ಊರಿಕೊಂಡು ಸರಸರ ಎಡಗಡೆಯ ಬಾಗಿಲಿಗೆ ಬಂದಳು. ತಂಗಿ ಇಳಿಯುವುದು ಯಾವಾಗಲೂ ಆ ಕಡೆಯಿಂದ. ಬಾಗಿಲು ತೆರೆಯಿತು, ಒಂದು ತಲೆ ಹೊರಗೆ ಬಾಗಿತು. ಸುಬ್ಬಮ್ಮ ಚೊಂಬನ್ನು ಕಾರಿನ ಮೇಲಿಟ್ಟು, ಆ ಹಣೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದಳು.

"ಆಯ್ತು, ಆಯ್ತು ಕೂಸೇ. ಹೋಗ್ಲಿ ಎಲ್ಲ."

 ತ್ರ್ಯಂಬಕ ಭಟ್ಟರು ಮಾತಾಡುವ ಸ್ಥಿತಿಯಲ್ಲಿರಲಿಲ್ಲ; ಇದ್ದಿದ್ದರೂ ಆ ಕೈ ತೆಗೆಸಲು ಅವರಿಗೆ ಮನಸ್ಸಾಗುತ್ತಿರಲಿಲ್ಲ.

"ಅಕ್ಕಾ," ಎಂದಳು ವನಮಾಲಾ ಕಾರಿನ ಆಚೆ ಬದಿಯಿಂದ. "ನಾನು ಇತ್ಲಾಗಿದ್ದೀನಿ."

ಸುಬ್ಬಮ್ಮ ತಲೆಯೆತ್ತಿದಳು. ಕೈಯಲ್ಲಿದ್ದ ತಲೆಯಲ್ಲಿ ಜುಟ್ಟಿರುವುದು ಆಗ ತಿಳಿಯಿತು. "ಇತ್ಲಾಗೆಂತಕ್ಕೆ ಇಳಿದೆ? ಅದು ಡ್ರೈವರಿನ ಬಾಗಿಲು."

"ಹೌದಕ್ಕ."

ಅಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ವನಮಾಲಾ ಸುತ್ತಿ ಬಂದು ಎದುರು ನಿಂತಿದ್ದಳು. ಸುಬ್ಬಮ್ಮ ಅವಳ ಗಲ್ಲ ಹಿಡಿದು ಬಿಸಿಲಿನ ಕಡೆ ತಿರುಗಿಸಿದಳು. ಬಳೆಯಷ್ಟು ಅಗಲ ಉಳಿದಿದ್ದ ನೋಟ. ಪೂರ್ತಿ ಮುಖ ಒಟ್ಟಿಗೆ ಹಿಡಿಯುತ್ತಿರಲಿಲ್ಲ. ಹಣೆಯಿಂದ ಕಣ್ಣಿಗೆ ಬಂದಳು, ಕಣ್ಣಿನಿಂದ ಮೂಗಿಗೆ, ಮೂಗಿನಿಂದ ತುಟಿಗೆ, ತುಟಿಯ ಕೆಳಗಿನ ಮಚ್ಚೆಗೆ. ಒಂದನ್ನೂ ಬಿಡದೆ ನೋಡಿದಳು. ಆಮೇಲೆ ಮತ್ತೆ ಹಣೆಯಿಂದ ಶುರು ಮಾಡಿದಳು.

"ವಾಂತಿ ಆಗ್ಲಿಲ್ವನೇ?"

"ಇಲ್ಲ ಅಕ್ಕ."

"ಅಷ್ಟು ವರ್ಷ ನಾನೇ ಬಂದೆ," ಎಂದಳು ಸುಬ್ಬಮ್ಮ.  "ಈಗ ನೀನು ಬಂದೆ."

ಇಬ್ಬರೂ ಅಲ್ಲೇ, ಬಿಸಿ ಬಾನೆಟ್ಟಿಗೆ ಒರಗಿ, ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಭಾರ್ಗವಿ ಕಾರಿನ ಮೇಲಿದ್ದ ಚೊಂಬು ತೆಗೆದು ಭಟ್ಟರ ಕೈಗೆ ನೀರು ಹಾಕಿದಳು. ನಿಂಬೆಹಣ್ಣೂ ಕಡೆಗೆ ಅವರಿಗೇ ಸಿಕ್ಕಿತು.